ಬೋನಸ್ ಕೊಟ್ಟ ಮೇಲೆ ಕೆಲಸ ಯಾಕೆ ಕೆಟ್ಟಿತು?

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ಮನೆಗೆ ತಾಗಿದ ಶೆಡ್ಡಿನಲ್ಲಿ ಅಡಿಕೆ ಹಾಳೆಯಿಂದ ಊಟದ ತಟ್ಟೆ ಒತ್ತುವ ಹಾಳೆತಟ್ಟೆ ಯೂನಿಟ್ ನಡೆಸುತ್ತಿದ್ದೇನೆ. ಊರಿನ ಎಂಟು ಜನ ಹೆಂಗಸರು ದಿನಗೂಲಿಗೆ ಬರುತ್ತಾರೆ. ದೀಪಾವಳಿ ಕಳೆದ ಮೇಲೆ ಮದುವೆ ಸೀಸನ್ನಿನ ಆರ್ಡರ್ ಜಾಸ್ತಿ ಬಂತು. ಅದಕ್ಕೆ ಮಷಿನ್ನಿನಲ್ಲಿ ಕೂರುವವರಿಗೆ ದಿನದ ಲೆಕ್ಕ ದಾಟಿದ ಪ್ರತಿ ತಟ್ಟೆಗೆ 50 ಪೈಸೆ ಬೋನಸ್ ಇಟ್ಟೆ. ಮೊದಲ ತಿಂಗಳು ಲೆಕ್ಕ ಚೆನ್ನಾಗಿಯೇ ಏರಿತು. ಆಮೇಲೆ ಬೂಸ್ಟು ಹಿಡಿದಿದೆ ಎಂದು ಬೆಂಗಳೂರಿನಿಂದ ಎರಡು ಲೋಡ್ ವಾಪಸ್ ಬಂತು. ಬೋನಸ್ ನಿಲ್ಲಿಸಿದೆ. ಈಗ ಮೊದಲಿನಷ್ಟು ಕೆಲಸವೂ ಆಗುತ್ತಿಲ್ಲ. ಹಾಳೆ ವಿಂಗಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರು ಬರುವುದನ್ನೇ ಬಿಟ್ಟರು. ಉಳಿದವರು ತಡವಾಗಿ ಬರುತ್ತಾರೆ. ತಡ ಮಾಡಿದವರಿಗೆ ದಂಡ ಹಾಕಬೇಕು ಅಂತಿದ್ದೇನೆ.

ಮನೆಯಲ್ಲೂ ಇದೇ ಸ್ಥಿತಿ. ನನ್ನ ಯಜಮಾನರು ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದವರು, ಮಾವನವರಿಗೆ ಹುಷಾರು ತಪ್ಪಿದಾಗ 2020ರಲ್ಲಿ ಊರಿಗೆ ಬಂದರು. ತೋಟದ ಕೆಲಸ ಒಂದೂ ತಪ್ಪಿಸುವುದಿಲ್ಲ, ಆದರೆ ಮನಸ್ಸಿಟ್ಟು ಮಾಡುವುದೂ ಇಲ್ಲ. ಯಕ್ಷಗಾನದ ತಾಳಮದ್ದಲೆ ಅಂದರೆ ಮಾತ್ರ ರಾತ್ರಿ ಎರಡು ಗಂಟೆಯಾದರೂ ಸುಸ್ತಿಲ್ಲ. 'ಮನೆ ಮೇಲೆ ನಿಮಗೆ ಬದ್ಧತೆ ಇದೆಯಾ' ಅಂತ ಕೇಳಿ ದೊಡ್ಡ ಜಗಳವಾಯಿತು. ನನ್ನದೂ ಹಂಗೇ. ಬೆಳಿಗ್ಗೆ ವಾಕಿಂಗ್ ಶುರು ಮಾಡಿ ಬಿಟ್ಟೆ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿಯಲು ಸೇರಿ ಬಿಟ್ಟೆ. ನನಗೇ ಇಲ್ಲದ ಹುಮ್ಮಸ್ಸನ್ನು ಬೇರೆಯವರಲ್ಲಿ ತರಿಸುವುದು ಹೇಗೆ?

ಉತ್ತರ: ನೀವು ಬೇರೆ ಬೇರೆ ವಿಷಯ ಬರೆದಿದ್ದರೂ ಎಲ್ಲ ಕಡೆ ಕೇಳಿರುವುದು ಒಂದನ್ನೇ: ಹುಮ್ಮಸ್ಸು ಕಡಿಮೆಯಾಗಿದೆ, ಜಾಸ್ತಿ ಮಾಡುವುದು ಹೇಗೆ? ನನ್ನ ಬಳಿ ಬರುವ ಹೆಚ್ಚಿನವರೂ ಹೀಗೇ ಕೇಳುತ್ತಾರೆ. ಉದ್ಯೋಗದಾತರು ಕೇಳುತ್ತಾರೆ, ಅಪ್ಪ ಅಮ್ಮ ಕೇಳುತ್ತಾರೆ, ಗಂಡ ಹೆಂಡತಿ ಒಬ್ಬರ ಬಗ್ಗೆ ಒಬ್ಬರು ಕೇಳುತ್ತಾರೆ. ತೋಟದ ಪಂಪ್‌ಸೆಟ್ ನೀರೆತ್ತದೆ ಹೋದರೆ ನಾವು ಮೊದಲು ಫುಟ್‌ವಾಲ್ವ್ ನೋಡುತ್ತೇವೆ, ಪೈಪಿನಲ್ಲಿ ಎಲ್ಲಿ ಗಾಳಿ ಎಳೆಯುತ್ತಿದೆ ಎಂದು ನೋಡುತ್ತೇವೆ. ಹೋಗಿ ದೊಡ್ಡ ಮೋಟಾರು ತರುವುದಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ನಮಗೆ ಆ ತಾಳ್ಮೆ ಇರುವುದಿಲ್ಲ. ನಿಮ್ಮ ಹೆಂಗಸರಲ್ಲಿ, ಯಜಮಾನರಲ್ಲಿ, ನಿಮ್ಮಲ್ಲಿ ಎಷ್ಟು ಹುಮ್ಮಸ್ಸಿದೆ ಎಂದು ಅಳೆಯುವುದನ್ನು ಸ್ವಲ್ಪ ಬದಿಗಿಡಿ. ಅದು ಯಾವ ಬಗೆಯದು, ಎಲ್ಲಿ ಕಡಿದುಹೋಯಿತು ಎಂದು ನೋಡೋಣ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಆ ಹಿರಿಯ ಹೆಂಗಸಿನ ವಿಷಯ. ಹಾಳೆತಟ್ಟೆ ಕೆಲಸ ಬಲ್ಲವರಿಗೆ ಗೊತ್ತು, ತಟ್ಟೆ ಚೆನ್ನಾಗಿ ಬರುವುದು ಕೆಡುವುದು ಮಷಿನ್ನಿಗೆ ಹೋಗುವ ಮೊದಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಬೇಸಿಗೆಯಲ್ಲಿ ಹೆಕ್ಕಿ ಒಣಗಿಸಿ ಅಟ್ಟಕ್ಕೇರಿಸಿದ ಹಾಳೆಯಲ್ಲಿ ಯಾವುದು ಕಪ್ಪಾಗಿದೆ, ಯಾವುದಕ್ಕೆ ನಡುವೆ ಸೀಳಿದೆ, ಯಾವುದರಲ್ಲಿ ದೊಡ್ಡ ಊಟದ ತಟ್ಟೆ ಬರುತ್ತದೆ, ಯಾವುದು ದೊನ್ನೆಗಷ್ಟೇ ಆದೀತು ಎನ್ನುವುದನ್ನು ಕೈಯಲ್ಲಿ ಹಿಡಿದವರೇ ಹೇಳಬೇಕು. ನೆನೆ ಹಾಕಿ, ಉಜ್ಜಿ ತೊಳೆದು, ನೀರು ಬಸಿದ ಹಾಳೆ ಅಚ್ಚಿಗೆ ಹೋಗುವ ಹದಕ್ಕೆ ಬಂದಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡುವವರು ಅವರೇ. ನೀವು ಬೋನಸ್ ಇಟ್ಟದ್ದು ಮಷಿನ್ನಿನಲ್ಲಿ ಕೂತವರಿಗೆ. ಆ ದಿನದಿಂದ ಈ ಹಿರಿಯ ಹೆಂಗಸಿನ ಕೆಲಸಕ್ಕೆ ಶೆಡ್ಡಿನಲ್ಲಿ ಬೆಲೆ ಇಳಿಯಿತು. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದರೋ ಏನೋ. 'ಅಕ್ಕಾ, ಬೇಗ ಬೇಗ ಕೊಡಿ, ಲೆಕ್ಕ ನಿಲ್ತದೆ' ಎಂದು ಮಷಿನ್ನಿನ ಕಡೆಯಿಂದ ಕೂಗುವುದೂ ಶುರುವಾಗಿರುತ್ತದೆ. ಹದ ನೋಡಿ ಕೊಡುವುದು ಇಷ್ಟು ದಿನ ಅವರ ಜಾಣ್ಮೆಯಾಗಿತ್ತು, ಈಗ ಅದೇ ಎಲ್ಲರಿಗೂ ಅಡ್ಡಿಯಾಗಿ ಕಾಣತೊಡಗಿತು. ಇದು ನನ್ನ ಊಹೆ. ಆದರೆ ನೀವು ಅವರ ಮನೆಗೆ ಹೋಗಿ ಕೇಳಿದರೆ ಇದಕ್ಕೆ ತೀರ ದೂರದ ಉತ್ತರ ಬರಲಾರದು.

ಇಲ್ಲಿ ಆಗಿದ್ದನ್ನು ಅರ್ಥಶಾಸ್ತ್ರದವರು ಬಹಳ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದಾರೆ. 1991ರಲ್ಲಿ ಬೆಂಗ್ಟ್ ಹೋಲ್ಮ್‌ಸ್ಟ್ರೋಮ್ ಮತ್ತು ಪಾಲ್ ಮಿಲ್‌ಗ್ರೋಮ್ ಎಂಬಿಬ್ಬರು ಒಂದು ಪ್ರಬಂಧ ಬರೆದರು. ಒಬ್ಬರ ಕೆಲಸದಲ್ಲಿ ಸುಲಭವಾಗಿ ಎಣಿಸಬಹುದಾದ ಭಾಗ ಒಂದಿದೆ, ಎಣಿಸಲು ಕಷ್ಟವಾದ ಭಾಗ ಇನ್ನೊಂದಿದೆ ಎಂದಿಟ್ಟುಕೊಳ್ಳಿ. ಎಣಿಸಬಹುದಾದ ಭಾಗಕ್ಕಷ್ಟೇ ದುಡ್ಡು ಕಟ್ಟಿದರೆ ಜನ ತಮ್ಮ ಗಮನವನ್ನೆಲ್ಲ ಅತ್ತ ಹರಿಸುತ್ತಾರೆ, ಎಣಿಸಲಾಗದ್ದು ಸೊರಗುತ್ತದೆ. ಅಂಥ ಕಡೆ ಕೆಲವೊಮ್ಮೆ ಬೋನಸ್ಸೇ ಇಲ್ಲದೆ ನಿಗದಿತ ಸಂಬಳ ಕೊಡುವುದು ಲೇಸು ಎಂದು ಅವರು ತೋರಿಸಿದರು. ಹೋಲ್ಮ್‌ಸ್ಟ್ರೋಮ್‌ಗೆ 2016ರಲ್ಲಿ, ಮಿಲ್‌ಗ್ರೋಮ್‌ಗೆ 2020ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಿಮ್ಮ ಶೆಡ್ಡಿನಲ್ಲಿ ಎಣಿಸಲು ಸುಲಭವಾದದ್ದು ತಟ್ಟೆಯ ಸಂಖ್ಯೆ. ಎಣಿಸಲು ಬಾರದ್ದು ಒಳಗಿನ ತೇವ. ಬಿಸಿ ಅಚ್ಚಿನಲ್ಲಿ ಇನ್ನೊಂದಿಷ್ಟು ಹೊತ್ತು ಇರಬೇಕಾದ ತಟ್ಟೆ ಬೇಗ ಹೊರಬಂತು. ನೋಡಲು ಲಕ್ಷಣವಾಗಿಯೇ ಇತ್ತು, ಕಟ್ಟು ಕಟ್ಟಿ ಕಳಿಸಿದಿರಿ, ಕಟ್ಟಿನೊಳಗೆ ಬೆವತು ಬೂಸ್ಟು ಬಂತು. ಹೆಂಗಸರು ನಿಮಗೆ ಮೋಸ ಮಾಡಲಿಲ್ಲ. ಏನು ಬೇಕು ಎಂದು ನೀವು ದುಡ್ಡಿನ ಭಾಷೆಯಲ್ಲಿ ಹೇಳಿದಿರಿ, ಅವರು ಅದನ್ನೇ ಮಾಡಿಕೊಟ್ಟರು.

ಇನ್ನು ಬೋನಸ್ ನಿಲ್ಲಿಸಿದ ಮೇಲೆ ಕೆಲಸ ಮೊದಲಿನ ಮಟ್ಟಕ್ಕಾದರೂ ಯಾಕೆ ಬರಲಿಲ್ಲ? 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಎಂಬ ತುಂಡು ಜೋಡಿಸುವ ಒಗಟು ಕೊಟ್ಟು ಒಂದು ಪ್ರಯೋಗ ಮಾಡಿದರು. ಮೊದಲ ಸಲ ಯಾರಿಗೂ ದುಡ್ಡಿಲ್ಲ. ಎರಡನೇ ಸಲ ಒಂದು ಗುಂಪಿಗೆ ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್. ಮೂರನೇ ಸಲ ಮತ್ತೆ ಯಾರಿಗೂ ಇಲ್ಲ. ಪ್ರತಿ ಸಲವೂ ನಡುವೆ ಪ್ರಯೋಗ ಮಾಡುವವರು ಏನೋ ನೆಪ ಹೇಳಿ ಹೊರಗೆ ಹೋಗುತ್ತಿದ್ದರು. ಕೋಣೆಯಲ್ಲಿ ಓದಲು ಪತ್ರಿಕೆಗಳೂ ಇದ್ದವು. ಆ ಬಿಡುವಿನಲ್ಲಿ ಯಾರು ತಾವಾಗಿ ಒಗಟು ಹಿಡಿದು ಕೂರುತ್ತಾರೆ ಎನ್ನುವುದೇ ಪರೀಕ್ಷೆ. ದುಡ್ಡು ಸಿಕ್ಕಿ ನಿಂತವರು ಮೊದಲಿಗಿಂತ ಕಡಿಮೆ ಹೊತ್ತು ಆಡಿದರು. ಮುಂದೆ 1999ರಲ್ಲಿ ಡೆಸಿ ಮತ್ತು ಸಂಗಡಿಗರು ಇಂಥ 128 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 'ಇಷ್ಟು ಮಾಡಿದರೆ ಇಷ್ಟು' ಎಂದು ಮೊದಲೇ ಹೇಳಿ ಕೊಡುವ ದುಡ್ಡು ಒಳಗಿನ ಆಸಕ್ತಿಯನ್ನು ತಗ್ಗಿಸುತ್ತದೆ, ಮನಸ್ಸಿನಿಂದ ಬಂದ ಮೆಚ್ಚುಗೆಯ ಮಾತು ಹೆಚ್ಚಿಸುತ್ತದೆ ಎಂಬುದು ಅದರ ಸಾರ.

ಇಲ್ಲಿ ಒಂದು ಎಚ್ಚರ ಬೇಕು. ಈ ಸಂಶೋಧನೆಗಳನ್ನು ಹಿಡಿದುಕೊಂಡು 'ದುಡ್ಡಿನಿಂದ ಹುಮ್ಮಸ್ಸು ಬರುವುದಿಲ್ಲ, ಆದ್ದರಿಂದ ಕೂಲಿ ಹೆಚ್ಚಿಸಬೇಕಿಲ್ಲ' ಎನ್ನುವವರಿದ್ದಾರೆ. ಅದು ಅನ್ಯಾಯದ ಮಾತು. ಡೆಸಿಯ ಫಲಿತಾಂಶ ಅನ್ವಯಿಸುವುದು ಮೊದಲೇ ಆಸಕ್ತಿ ಹುಟ್ಟಿಸುವ ಕೆಲಸಕ್ಕೆ. ದಿನವಿಡೀ ಬಿಸಿ ಮಷಿನ್ನಿನ ಮುಂದೆ ಕೂತು ತಟ್ಟೆ ಒತ್ತುವುದು ಒಗಟು ಬಿಡಿಸಿದಂತಲ್ಲ. ನಿಮ್ಮಲ್ಲಿಗೆ ಬರುವವರು ಮನೆ ನಡೆಯಲಿ ಎಂದು ಬರುತ್ತಾರೆ, ಅದರಲ್ಲಿ ಕಡಿಮೆಯದೇನೂ ಇಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ ಮಾತು ಈಗಲೂ ಕೆಲಸಕ್ಕೆ ಬರುತ್ತದೆ. ಸಂಬಳ, ಕೆಲಸದ ಜಾಗ, ಮೇಲಿನವರ ನಡವಳಿಕೆ ಸರಿ ಇಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ. ಅವು ಸರಿಯಾದವೆಂದ ಮಾತ್ರಕ್ಕೆ ಹುರುಪು ಬರುವುದಿಲ್ಲ, ಅದಕ್ಕೆ ಬೇರೆ ಬೇಕು. ಅವರ ವಿಂಗಡಣೆಯನ್ನು ಆಮೇಲಿನವರು ಸಾಕಷ್ಟು ಪ್ರಶ್ನಿಸಿದ್ದಾರೆ, ಆದರೂ ಯಾವುದು ಮೊದಲು ಎಂಬುದರ ಬಗ್ಗೆ ನನಗೆ ಅನುಮಾನವಿಲ್ಲ. ಕೊನೆಗೊಯ್ಲಿನ ಸಮಯದಲ್ಲಿ ಪಕ್ಕದ ಮನೆಯಲ್ಲಿ ಅಡಿಕೆ ಸುಲಿಯಲು ಕೂತರೆ ನಿಮ್ಮ ದಿನಗೂಲಿಗಿಂತ ಎಷ್ಟು ಹೆಚ್ಚು ಸಿಗುತ್ತದೆ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಅಂತರ ದೊಡ್ಡದಿದ್ದರೆ ಉಳಿದ ಮಾತೆಲ್ಲ ಆಮೇಲೆ. ಬೋನಸ್ಸಿಗೆ ಎತ್ತಿಟ್ಟಿದ್ದ ಹಣವನ್ನು ಎಂಟೂ ಜನರ ದಿನಗೂಲಿಗೆ ಸೇರಿಸಿ.

ನಿಮ್ಮಲ್ಲಿ ತಗ್ಗಿದ್ದು ತಟ್ಟೆ ಒತ್ತುವ ಆಸೆಗಿಂತ ಹೆಚ್ಚಾಗಿ ನಿಮ್ಮ ನಡುವಿನ ನಂಟು. ಬೋನಸ್ಸಿಗೆ ಮೊದಲು, ಮದುವೆ ಆರ್ಡರ್ ಅರ್ಜೆಂಟ್ ಇದೆ ಎಂದರೆ ಸಂಜೆ ಅರ್ಧ ಗಂಟೆ ಹೆಚ್ಚು ಕೂರುತ್ತಿದ್ದಿರಬೇಕು. ಅವರ ಮನೆಯಲ್ಲಿ ಕಾರ್ಯ ಎಂದಾಗ ನೀವೂ ರಜೆ, ಅಡ್ವಾನ್ಸು, ಒಂದು ಕಟ್ಟು ತಟ್ಟೆ ಕೊಟ್ಟಿರುತ್ತೀರಿ. ನಮ್ಮ ಮಲೆನಾಡಿನ ಮುಯ್ಯಾಳು ಪದ್ಧತಿ ನಿಂತಿದ್ದೇ ಇದರ ಮೇಲೆ. ಇವತ್ತು ನಾನು ನಿಮ್ಮ ಗದ್ದೆಗೆ ಬಂದೆ, ನಾಳೆ ನೀವು ನಮ್ಮದಕ್ಕೆ ಬರುತ್ತೀರಿ. ಯಾರೂ ಗಂಟೆಯ ಲೆಕ್ಕ ಬರೆದಿಡುವುದಿಲ್ಲ, ಆದರೆ ಯಾರೂ ಮರೆಯುವುದೂ ಇಲ್ಲ. ತಟ್ಟೆಗೆ 50 ಪೈಸೆ ಎಂದಾಗ ಆ ಅರ್ಧ ಗಂಟೆಗೂ ರೇಟು ಬಂತು. ರೇಟು ತೆಗೆದಾಗ ಅದು ಬರಿಯ ರೇಟಿಲ್ಲದ ಕೆಲಸವಾಗಿ ಉಳಿಯಿತು.

ಈ ಕಾರಣಕ್ಕೇ ದಂಡದ ಯೋಚನೆ ಬಿಟ್ಟುಬಿಡಿ ಎಂದು ಕೈಮುಗಿದು ಹೇಳುತ್ತೇನೆ. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ಉರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಂದೆತಾಯಿ ತಡವಾಗಿ ಬರುತ್ತಾರೆ ಎಂದು ಆರು ಕಡೆ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಸುಮಾರು ಇಮ್ಮಡಿಯಾದರು. ಅದುವರೆಗೆ 'ಟೀಚರು ನಮಗಾಗಿ ಕಾಯುತ್ತಿರುತ್ತಾರೆ ಪಾಪ' ಎಂಬ ಸಂಕೋಚವಿತ್ತು, ದಂಡ ಬಂದ ಮೇಲೆ ಕಾಯಿಸುವುದಕ್ಕೆ ದುಡ್ಡು ಕೊಟ್ಟ ಹಾಗಾಯಿತು. ಕೆಲವು ವಾರಗಳ ನಂತರ ದಂಡ ತೆಗೆದರೂ ತಡವಾಗಿ ಬರುವುದು ಇಳಿಯಲಿಲ್ಲ. ನಿಮ್ಮ ಬೋನಸ್ಸಿನ ಕಥೆಗೆ ಇದು ಎಷ್ಟು ಹತ್ತಿರ ಇದೆ ನೋಡಿ. ನಿಮ್ಮ ಹೆಂಗಸರು ಯಾಕೆ ತಡ ಮಾಡುತ್ತಾರೆ ಎಂದು ಕೇಳಿದ್ದೀರಾ? ಡೈರಿಗೆ ಹಾಲು ಹಾಕಿ, ಮಕ್ಕಳನ್ನು ಶಾಲೆಗೆ ಹೊರಡಿಸಿ, ಬೆಳಗಿನ ಬಸ್ಸು ಕಾದು ಬರುವವರಿಗೆ ಒಂಬತ್ತೂವರೆ ಆಗುವುದಾದರೆ ನಿಮ್ಮ ಒಂಬತ್ತು ಗಂಟೆಯನ್ನೇ ಒಂಬತ್ತೂವರೆ ಮಾಡಿ ಸಂಜೆ ಅಷ್ಟು ಹೊತ್ತು ಮುಂದಕ್ಕೆ ಹಾಕಬಹುದು. ಆ ಸಮಯವನ್ನು ಅವರೇ ಕೂತು ಗೊತ್ತು ಮಾಡಲಿ. ತಾವೇ ಒಪ್ಪಿ ಇಟ್ಟ ಸಮಯ ಮುರಿಯಲು ಜನ ನಿಜಕ್ಕೂ ಹಿಂಜರಿಯುತ್ತಾರೆ.

ಈಗ ಶೆಡ್ಡಿನಲ್ಲಿ ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಡೆಸಿ ಮತ್ತು ರಿಚರ್ಡ್ ರಯಾನ್ ಹತ್ತಾರು ವರ್ಷ ಕೆಲಸ ಮಾಡಿ ಮನುಷ್ಯನ ಮನಸ್ಸಿಗೆ ಅನ್ನದಷ್ಟೇ ಅಗತ್ಯವಾದ ಮೂರನ್ನು ಗುರುತಿಸಿದರು. ಏನು ಮಾಡುತ್ತೇನೋ ಅದರಲ್ಲಿ ನನ್ನ ತೀರ್ಮಾನಕ್ಕೆ ಜಾಗವಿರಬೇಕು. ನನಗೆ ಇದು ಬರುತ್ತದೆ, ನನ್ನ ಕೈ ಪಳಗುತ್ತಿದೆ ಎಂಬುದು ಗೊತ್ತಾಗಬೇಕು. ಜೊತೆಗಿರುವವರಿಗೆ ನಾನು ಬೇಕಾದವಳು ಎನಿಸಬೇಕು. ಈ ಮೂರರಲ್ಲಿ ನಿಮ್ಮ ಶೆಡ್ಡಿನಲ್ಲಿ ಅತಿ ಬಡವಾಗಿರುವುದು ಎರಡನೆಯದು. ತಟ್ಟೆ ಇಲ್ಲಿಂದ ಹೋಗಿ ವಾರಗಳಾದ ಮೇಲೆ ಬೆಂಗಳೂರಿನಲ್ಲಿ ಬೂಸ್ಟು ಹಿಡಿಯುತ್ತದೆ. ಒತ್ತಿದವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಅವರಿಗೆ ತಲುಪುವುದು ನಿಮ್ಮ ಬೇಸರದ ಮುಖ ಮಾತ್ರ. ವಾಪಸ್ ಬಂದ ಒಂದು ಕಟ್ಟನ್ನು ಎಂಟೂ ಜನರ ಮುಂದೆ ಬಿಚ್ಚಿ. ಬೈಯಬೇಡಿ, ಯಾರ ತಟ್ಟೆ ಎಂದು ಹುಡುಕಬೇಡಿ. ಎಲ್ಲಿ ತಪ್ಪಿತು ಎಂದು ಅವರನ್ನೇ ಕೇಳಿ. ಇನ್ನು ಮುಂದೆ ದಿನಕ್ಕೆ ಹತ್ತು ತಟ್ಟೆ ತೆಗೆದು, ದಿನಾಂಕ ಬರೆದ ಚೀಟಿ ಅಂಟಿಸಿ, ಕಟ್ಟಿ ಶೆಡ್ಡಿನಲ್ಲೇ ಹದಿನೈದು ದಿನ ಇಡಿ. ಮಳೆಗಾಲದ ತೇವದಲ್ಲಿ ಯಾವ ದಿನದ್ದು ತಡೆಯಿತು, ಯಾವುದು ತಡೆಯಲಿಲ್ಲ ಎಂದು ಅವರೇ ಬಿಚ್ಚಿ ನೋಡಲಿ. ಅಚ್ಚಿನಲ್ಲಿ ಎಷ್ಟು ಹೊತ್ತು ಬಿಡಬೇಕು, ಬಿಸಿ ಎಷ್ಟಿರಬೇಕು, ಬಿಸಿಲಿಲ್ಲದ ದಿನ ಹೇಗೆ ಒಣಗಿಸಬೇಕು ಎಂಬ ತೀರ್ಮಾನ ಆ ನೋಟದಿಂದ ಹುಟ್ಟಲಿ. ನಿಮ್ಮ ಉಪದೇಶಕ್ಕಿಂತ ಆ ಹತ್ತು ತಟ್ಟೆ ಹೆಚ್ಚು ಕಲಿಸುತ್ತದೆ.

ಅಳತೆಯ ವಿಷಯದಲ್ಲಿ ಬಹಳ ಜೋಪಾನ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ನಡುವಿದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಗೇಣಿ ಕೊಡುವುದನ್ನು ಒಪ್ಪಿಕೊಂಡು ಬಂದಿದ್ದ ಜನ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುವುದನ್ನು ಸಹಿಸಲಿಲ್ಲ. ಎಚ್. ಗಣಪತಿಯಪ್ಪನವರ ಮುಂದಾಳತನದಲ್ಲಿ ಶುರುವಾದ ಆ ಚಳವಳಿಗೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೆಲಸ ಕಷ್ಟವಾದರೂ ಜನ ಮಾಡುತ್ತಾರೆ, ಅಳತೆ ಸುಳ್ಳು ಎಂದು ಕಂಡ ಮೇಲೆ ಮನಸ್ಸು ಮುರಿದುಕೊಳ್ಳುತ್ತಾರೆ. ಯಾವ ತಟ್ಟೆ ಪಾಸು, ಯಾವುದು ರಿಜೆಕ್ಟು ಎಂದು ನೀವು ಒಳಗೆ ಕೂತು ಒಬ್ಬರೇ ತೀರ್ಮಾನಿಸುತ್ತಿದ್ದರೆ ಅದನ್ನು ಎಲ್ಲರೆದುರು ಮಾಡಿ. ವಾಪಸ್ ಬಂದ ಲೋಡಿನ ನಷ್ಟವನ್ನು ಕೂಲಿಯಲ್ಲಿ ಹಿಡಿಯುವ ಯೋಚನೆ ಏನಾದರೂ ಇದ್ದರೆ ಅದನ್ನು ಇವತ್ತೇ ಮರೆತುಬಿಡಿ. ಮುಂದೆ ಲಾಭದಲ್ಲಿ ಪಾಲು ಕೊಡಬೇಕೆನಿಸಿದರೆ ಸೀಸನ್ ಮುಗಿದ ಮೇಲೆ, ವಾಪಸ್ ಬಾರದ ಮಾಲಿನ ಲೆಕ್ಕದ ಮೇಲೆ, ಹಾಳೆ ಹೆಕ್ಕಿದವರಿಂದ ಹಿಡಿದು ಕಟ್ಟು ಕಟ್ಟಿದವರವರೆಗೆ ಎಲ್ಲರಿಗೂ, ಬಂದ ದಿನಗಳ ಪ್ರಕಾರ ಕೊಡಿ. ಆ ಲೆಕ್ಕದ ಪುಸ್ತಕ ಯಾರು ಬೇಕಾದರೂ ತೆರೆದು ನೋಡುವಂತಿರಲಿ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಹೆಂಗಸರದೇ ಸಹಕಾರ ಸಂಘ, ಅಲ್ಲಿ ಮಗ್ಗದ ಕೆಲಸ ನಡೆಯುತ್ತದೆ. ಬಿಡುವಾದಾಗ ಒಮ್ಮೆ ನಿಮ್ಮ ಎಂಟೂ ಜನರನ್ನು ಕರೆದುಕೊಂಡು ಹೋಗಿ ಬನ್ನಿ. ನಿಮ್ಮ ಯೂನಿಟ್ಟನ್ನು ನಾಳೆಯೇ ಸಂಘ ಮಾಡಿ ಎನ್ನುತ್ತಿಲ್ಲ. ಕೂಲಿಗೆ ಬರುವುದಕ್ಕೂ ನಮ್ಮದು ಎಂದು ಬರುವುದಕ್ಕೂ ಇರುವ ವ್ಯತ್ಯಾಸವನ್ನು ಅವರೂ ನೀವೂ ಒಟ್ಟಿಗೆ ನೋಡಿದರೆ ಮಾತಾಡಲು ದಾರಿಯಾಗುತ್ತದೆ.

ಯಜಮಾನರ ವಿಷಯ ಇದಕ್ಕಿಂತ ಸೂಕ್ಷ್ಮ. ಅವರಿಗೆ ನೀವು ಕೇಳಿದ ಪ್ರಶ್ನೆ ಅವರನ್ನು ನೋಯಿಸಿರಲೇಬೇಕು. ಐದಾರು ವರ್ಷದಿಂದ ಒಂದು ಕೆಲಸ ತಪ್ಪಿಸದೆ, ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ, ನಲವತ್ತು ನಲವತ್ತೈದು ದಿನಕ್ಕೆ ಮತ್ತೆ ಹೊಡೆಸಿ, ಕೊನೆ ತೆಗೆಸಿ, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವ ಮನುಷ್ಯನಿಗೆ ಬದ್ಧತೆ ಇಲ್ಲ ಎಂದರೆ ಅದು ಹೇಗೆ ಕೇಳಿಸೀತು? ಬದ್ಧತೆ ಇದೆ. ಅದು ಯಾವ ಬಗೆಯದು ಎನ್ನುವುದೇ ಪ್ರಶ್ನೆ.

ಕೆನಡಾದ ಜಾನ್ ಮೇಯರ್ ಮತ್ತು ನಟಾಲಿ ಆಲೆನ್ 1991ರಲ್ಲಿ ಕೆಲಸದ ಬದ್ಧತೆಯನ್ನು ಮೂರಾಗಿ ಬಿಡಿಸಿದರು. ಇಷ್ಟವಿದ್ದು ಉಳಿಯುವುದು ಒಂದು. ಬಿಟ್ಟರೆ ನಷ್ಟ ಎಂದು ಉಳಿಯುವುದು ಇನ್ನೊಂದು. ಉಳಿಯುವುದು ನನ್ನ ಧರ್ಮ ಎಂದು ಉಳಿಯುವುದು ಮತ್ತೊಂದು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಥರ, ಮನುಷ್ಯ ಬಿಟ್ಟು ಹೋಗಿಲ್ಲ ಅಷ್ಟೆ. ಒಳಗೆ ಅನುಭವಿಸುವವರಿಗೆ ಮೂರೂ ಬೇರೆ ಬೇರೆ. ನಿಮ್ಮ ಯಜಮಾನರು ಊರಿಗೆ ಬಂದದ್ದು ಮೂರನೆಯದರಿಂದ, ಅಪ್ಪನಿಗೆ ಹುಷಾರಿಲ್ಲ, ಮಗನಾದವನು ಬರಬೇಕು. ಈಗ ಅದಕ್ಕೆ ಎರಡನೆಯದೂ ಸೇರಿರಬಹುದು. ಇಷ್ಟು ವರ್ಷ ಕಳೆದ ಮೇಲೆ ಕಂಪನಿಗಳು ಕರೆಯುತ್ತವೆಯೇ, ಮಕ್ಕಳ ಶಾಲೆ ಏನಾಗುತ್ತದೆ, ನಿಮ್ಮ ಯೂನಿಟ್ ಏನಾಗುತ್ತದೆ. ಮೊದಲನೆಯದು ಹುಟ್ಟಲು ಅವಕಾಶವೇ ಸಿಕ್ಕಿಲ್ಲ. ಮಲೆನಾಡಿನ ಮನೆ ಮನೆಯಲ್ಲೂ 2020ರ ನಂತರ ಇಂಥವರೊಬ್ಬರು ಸಿಗುತ್ತಾರೆ. ಕರ್ತವ್ಯಕ್ಕೆ ಬಂದವರನ್ನು ಊರು ಹೊಗಳುತ್ತದೆ, ಆಮೇಲೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದಿಲ್ಲ. ಇದು ನನ್ನನ್ನು ನಿಜವಾಗಿ ಕಾಡುವ ವಿಷಯ.

ತಾಳಮದ್ದಲೆಯ ಮೇಲೆ ನಿಮಗೆ ಸ್ವಲ್ಪ ಸಿಟ್ಟಿದೆ ಎಂದು ಪತ್ರದಲ್ಲೇ ಗೊತ್ತಾಗುತ್ತದೆ. ನನಗೆ ಅದು ಒಳ್ಳೆಯ ಸುದ್ದಿ. ಅಲ್ಲಿ ಅವರಿಗೆ ಏನು ಸಿಗುತ್ತದೆ ಯೋಚಿಸಿ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಕರ್ಣನಾಗಿಯೋ ಕೃಷ್ಣನಾಗಿಯೋ ಏನು ಹೇಳಬೇಕೆಂಬುದು ಪೂರ್ತಿ ಮಾತಾಡುವ ಅರ್ಥಧಾರಿಗೆ ಬಿಟ್ಟದ್ದು, ಬರೆದುಕೊಟ್ಟವರಿಲ್ಲ. ಎದುರು ಕೂತವರು ಹೊಸ ಪ್ರಶ್ನೆ ಎಸೆದರೆ ಆ ಕ್ಷಣಕ್ಕೇ ಉತ್ತರ ಹೊಳೆಯಬೇಕು, ಹೊಳೆದರೆ ಸಭೆ ತಲೆದೂಗುತ್ತದೆ. ಮೇಲೆ ಹೇಳಿದ ಮೂರೂ ಅಲ್ಲಿ ತುಂಬಿ ತುಳುಕುತ್ತಿವೆ. ಹೆಗ್ಗೋಡಿನಲ್ಲಿ 1949ರಿಂದ ನೀನಾಸಮ್ ನಡೆದುಬಂದಿರುವುದೂ ಊರವರಿಗೆ ನಾಟಕದಲ್ಲಿ ಇಂಥದ್ದೇನೋ ಸಿಕ್ಕಿದ್ದರಿಂದ. ನಿಮ್ಮ ಯಜಮಾನರಲ್ಲಿ ಹುಮ್ಮಸ್ಸು ಬತ್ತಿಲ್ಲ ಎಂಬುದಕ್ಕೆ ತಾಳಮದ್ದಲೆಯೇ ಸಾಕ್ಷಿ. ಅದನ್ನು ನಿಲ್ಲಿಸಲು ಮಾತ್ರ ಹೋಗಬೇಡಿ.

ತೋಟದಲ್ಲಿ ಇದರ ತದ್ವಿರುದ್ಧ ಇರಬಹುದು. ಯಾವ ಗೊಬ್ಬರ, ಎಷ್ಟು ಬಸಿಗಾಲುವೆ, ಈ ವರ್ಷ ಅಡಿಕೆ ಬೇಯಿಸಿ ರಾಶಿ ಮಾಡುವುದೋ, ಹಾಗೇ ಒಣಗಿಸಿ ಚಾಲಿ ಮಾಡುವುದೋ, ಮಂಡಿಗೆ ಯಾವಾಗ ಬಿಡುವುದು ಎಂಬುದನ್ನೆಲ್ಲ ಈಗಲೂ ಜಗಲಿಯಲ್ಲಿ ಕೂತ ಮಾವನವರೇ ಹೇಳುತ್ತಿರಬೇಕು. ಅವರ ಅನುಭವ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಲವತ್ತರ ಹತ್ತಿರದ ಮಗ ಸ್ವಂತ ತೋಟದಲ್ಲಿ ಹೇಳಿದ ಕೆಲಸ ಮಾಡುವ ಆಳಾಗಿ ಉಳಿದರೆ ಮನಸ್ಸು ಎಲ್ಲಿಂದ ಬರಬೇಕು? ಮಾವನವರ ಜೊತೆ ಮಾತಾಡಿ, ತೋಟದ ಒಂದು ಭಾಗವನ್ನು ಪೂರ್ತಿ ಮಗನ ತೀರ್ಮಾನಕ್ಕೆ ಬಿಡಿಸಿ. ಮೇಲಿನ ಒಂದು ತುಂಡು ತೋಟವೋ, ಕಾಳುಮೆಣಸಿನ ಬಳ್ಳಿಯ ವ್ಯವಹಾರವೋ, ಎಲೆಚುಕ್ಕಿ ರೋಗ ಬಂದ ಜಾಗದಲ್ಲಿ ಏನು ಮಾಡಬೇಕೆಂಬುದೋ ಆಗಬಹುದು. ಅಲ್ಲಿ ನಷ್ಟವಾದರೂ ಎರಡು ವರ್ಷ ಯಾರೂ ಬಾಯಿ ಹಾಕಬಾರದು, ನೀವೂ. ಈ ಕೊನೆಯ ಷರತ್ತು ಪಾಲಿಸುವುದು ಎಲ್ಲಕ್ಕಿಂತ ಕಷ್ಟ, ಅದಿಲ್ಲದಿದ್ದರೆ ಉಳಿದದ್ದಕ್ಕೆ ಅರ್ಥವೂ ಇಲ್ಲ.

ಅವರೊಡನೆ ಮಾತು ತೆಗೆಯುವಾಗ 'ಯಾಕೆ ಆಸಕ್ತಿ ಇಲ್ಲ' ಎಂದು ಶುರು ಮಾಡಬೇಡಿ. 'ಪೂರ್ತಿ ನಿಮಗೇ ಬಿಟ್ಟಿದ್ದರೆ ಈ ತೋಟದಲ್ಲಿ ಏನು ಬೇರೆ ಮಾಡ್ತಿದ್ರಿ?' ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಮೊದಲ ದಿನ 'ಎಂತ ಇಲ್ಲ' ಎನ್ನಬಹುದು. ಇನ್ನೊಂದು ದಿನ ಕೇಳಿ. ತೋಟದ ಮಾತು ಬಿಟ್ಟು ಬೆಂಗಳೂರಿಗೆ ವಾಪಸ್ ಹೋಗುವ ಮಾತು ಬಂದರೂ ಬರಬಹುದು. ಹಾಗೆ ಬಂದರೆ ಗಾಬರಿಯಾಗಬೇಡಿ. 'ಇಷ್ಟು ವರ್ಷ ಇದ್ದಾಗಿದೆ, ಈಗ ಬಿಟ್ಟರೆ ಎಲ್ಲ ದಂಡ' ಎಂಬ ವಾದವನ್ನು ಮಾತ್ರ ಮುಂದಿಡಬೇಡಿ. ಕಳೆದ ವರ್ಷಗಳು ಇದ್ದರೂ ವಾಪಸ್ ಬರುವುದಿಲ್ಲ, ಹೋದರೂ ಬರುವುದಿಲ್ಲ. ಮುಂದಿನ ಹತ್ತು ವರ್ಷ ಇಬ್ಬರಿಗೂ ಎಲ್ಲಿ ಬಾಳಲು ಸಾಧ್ಯ ಎಂದು ಕೂತು ಮಾತಾಡುವ ಹಕ್ಕು ನಿಮಗಿದೆ. ಹಾಗೆ ಮಾತಾಡಿ ಉಳಿದರೆ ಅದು ಅವರೇ ಆರಿಸಿಕೊಂಡ ತೋಟವಾಗುತ್ತದೆ.

ಒಂದು ವಿಷಯ ಗಮನದಲ್ಲಿಡಿ. ತಾಳಮದ್ದಲೆಯೂ ಬೇಡವಾಗಿ, ನಿದ್ದೆ ಊಟ ಕೆಟ್ಟು, ದಿನದ ಹೆಚ್ಚು ಹೊತ್ತು ಮಂಕಾಗಿ ಎರಡು ವಾರಕ್ಕಿಂತ ಹೆಚ್ಚು ಕಳೆದರೆ ಅದು ಖಿನ್ನತೆ ಇರಬಹುದು. ಆಗ ಈ ಉಪಾಯಗಳನ್ನೆಲ್ಲ ಬಿಟ್ಟು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೋಗುವುದು ಕಷ್ಟವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇನ್ನು ನಿಮ್ಮದು. ಮನೆ, ಮಾವನವರ ಔಷಧಿ, ಎಂಟು ಜನರ ಯೂನಿಟ್ ನಡೆಸುತ್ತಿರುವವರು ತಮಗೆ ಹುಮ್ಮಸ್ಸಿಲ್ಲ ಎಂದು ಬರೆದಿದ್ದು ಓದಿ ನನಗೆ ಬೇಸರವಾಯಿತು. ನಿಮಗೆ ಕಡಿಮೆ ಇರುವುದು ಹೊತ್ತು. ವಾಕಿಂಗನ್ನು ಬೆಳಿಗ್ಗೆಯಿಂದ ತೆಗೆದುಬಿಡಿ. ಜೂನ್ ತಿಂಗಳಿನ ಹೊಸನಗರದ ಮಳೆಯಲ್ಲಿ, ಒಲೆ ಹಚ್ಚುವ ಹೊತ್ತಿಗೆ ನಡೆಯಲು ಹೊರಡುವುದು ಯಾರಿಂದಲೂ ಆಗುವುದಿಲ್ಲ. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟ ಸರಳ ಉಪಾಯ ಒಂದಿದೆ. 'ದಿನಾ ನಡೆಯುತ್ತೇನೆ' ಎನ್ನುವ ಬದಲು 'ಇದು ಆದ ಕೂಡಲೇ ಅದು' ಎಂದು ಜಾಗ, ಹೊತ್ತು ಸಮೇತ ಗೊತ್ತು ಮಾಡಿಕೊಳ್ಳುವುದು. ಶೆಡ್ಡಿನ ಬಾಗಿಲಿಗೆ ಬೀಗ ಹಾಕಿದ ಕೂಡಲೇ, ಮನೆಯೊಳಗೆ ಕಾಲಿಡುವ ಮೊದಲು, ತೋಟದ ದಾರಿಯ ಕೊನೆಯವರೆಗೆ ಹೋಗಿ ಬರುವುದು. ಮಳೆ ಜೋರಿದ್ದರೆ ಶೆಡ್ಡಿನೊಳಗೇ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸವಾಗುತ್ತದೆ ಎಂಬ ಮಾತು ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಮಾಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು, ಕೆಲವರಿಗೆ 18, ಕೆಲವರಿಗೆ ಲೆಕ್ಕದ ಪ್ರಕಾರ 254. ನಡುವೆ ಒಂದು ದಿನ ತಪ್ಪಿದ್ದು ಅಭ್ಯಾಸ ಬೆಳೆಯುವುದನ್ನು ಹೆಚ್ಚೇನೂ ಕೆಡಿಸಲಿಲ್ಲ. ಅದನ್ನು ನೆನಪಿಡಿ, ಯಾಕೆಂದರೆ ಒಂದು ದಿನ ತಪ್ಪಿದ ಮೇಲೆ 'ನನ್ನಿಂದಾಗದು' ಎಂದು ಬಿಡುವವರೇ ಜಾಸ್ತಿ.

ಟ್ಯಾಲಿ ಯಾಕೆ ಕಲಿಯಲು ಹೊರಟಿರಿ ಎಂದು ನೀವು ಬರೆದಿಲ್ಲ. ಯಾರೋ ಹೇಳಿದರು ಎಂದಾದರೆ ಬಿಟ್ಟಿದ್ದೇ ಸರಿ. ನಿಮ್ಮ ಜಿಎಸ್‌ಟಿ ಲೆಕ್ಕ ನಿಮಗೇ ಅರ್ಥವಾಗಬೇಕು ಎಂದಾದರೆ ಕ್ಲಾಸಿನ ಪಾಠದ ಹಿಂದೆ ಹೋಗಬೇಡಿ. ಕಳೆದ ತಿಂಗಳ ನಿಮ್ಮದೇ ಬಿಲ್ಲುಗಳನ್ನು ತೆಗೆದುಕೊಂಡು ಹೋಗಿ, ಅವನ್ನು ಹೇಗೆ ಏರಿಸುವುದು ಎಂದಷ್ಟೇ ಕೇಳಿ ಬನ್ನಿ. ಸೀಸನ್ ಪಾಲಿನ ಲೆಕ್ಕವನ್ನು ಹೆಂಗಸರಿಗೆ ತೆರೆದು ತೋರಿಸುವಾಗ ಅದೇ ಉಪಯೋಗಕ್ಕೆ ಬರುತ್ತದೆ.

ಎಲ್ಲವನ್ನೂ ಈ ವಾರವೇ ಹಿಡಿಯಬೇಡಿ. ಮೊದಲು ಹಾಳೆ ವಿಂಗಡಿಸುತ್ತಿದ್ದವರ ಮನೆಗೆ ಹೋಗಿ. ಕೆಲಸಕ್ಕೆ ಬನ್ನಿ ಎಂದು ಕರೆಯಲು ಹೋಗಬೇಡಿ, ಏನಾಯಿತು ಎಂದು ಕೇಳಲು ಹೋಗಿ. ಅವರು ಹೇಳುವುದನ್ನು ಪೂರ್ತಿ ಕೇಳಿ, ನಡುವೆ ನಿಮ್ಮ ಕಷ್ಟ ಹೇಳಬೇಡಿ. ಅವರು ಬರಲು ಒಪ್ಪಿದರೆ ಒಳ್ಳೆಯ ತಟ್ಟೆ ಯಾವುದು ಎಂದು ತೀರ್ಮಾನಿಸುವ ಮಾತಿನಲ್ಲಿ ಅವರದ್ದೇ ಮೊದಲ ದನಿ ಇರಲಿ, ಕೂಲಿಯೂ ಮಷಿನ್ನಿನಲ್ಲಿ ಕೂರುವವರಿಗೆ ಸಮನಾಗಿರಲಿ. ಒಪ್ಪದಿದ್ದರೂ ಅವರು ಹೇಳಿದ್ದನ್ನು ಉಳಿದ ಏಳು ಜನರ ಮುಂದೆ, ಅವರ ಅನುಮತಿ ಕೇಳಿಕೊಂಡು, ಇಡಿ. ಯಜಮಾನರ ಜೊತೆಗಿನ ಮಾತು ಮೊದಲ ಔಷಧಿ ಹೊಡೆಸಿ ಮುಗಿದ ಮೇಲೆ ಆಗಲಿ. ಮಳೆ ಕಾಯುತ್ತ ತಲೆ ಬಿಸಿಯಾಗಿರುವ ದಿನಗಳಲ್ಲಿ ಬೇಡ. ಅಲ್ಲಿಯವರೆಗೆ ಮುಂದಿನ ತಾಳಮದ್ದಲೆಗೆ ನೀವೂ ಒಮ್ಮೆ ಹೋಗಿ ಕೂತು ಬನ್ನಿ, ಅವರು ಮಾತಾಡುವುದನ್ನು ಕೇಳಿ.